ವ್ಯಗ್ರತೆಯೂ ಏಕಾಗ್ರತೆಯೂ

ಮಾಡಬೇಕಾದ ಕಾರ್ಯವು ಅಪಾರ, ಮಾಡುವವನ ಶಕ್ತಿಯು ಪರಿಮಿತ. ಇದು ಸಂಸಾರದ ಸಹಜ ಸ್ಥಿತಿಯಷ್ಟೆ. ಹೊಲವುಳ್ಳವನಿಗೆ ಹೊಲದ ಚಿಂತೆ, ಅಂಗಡಿಯವನಿಗೆ ಲೆಕ್ಕದ ಚಿಂತೆ, ಓದುವ ಮಕ್ಕಳಿಗೆ ಪರೀಕ್ಷೆಯ ಚಿಂತೆ, ಗೃಹಿಣಿಗೆ ಬೆಳಗಿನಿಂದ ರಾತ್ರಿಯವರೆಗೂ ಮುಗಿಯದ ಮನೆವಾರ್ತೆಯ ಚಿಂತೆ. ಒಂದು ಕೆಲಸವನ್ನು ಮಾಡುತ್ತಿರುವಾಗ ಮಾಡದೆ ಉಳಿದ ಒಂಬತ್ತು ಕೆಲಸಗಳು ಎದುರಿಗೆ ಬಂದು ನಿಲ್ಲುತ್ತವೆ. ಆಗ ಕೈಯಲ್ಲಿರುವುದೂ ಕೆಡುತ್ತದೆ, ಉಳಿದುವೂ ಆಗುವುದಿಲ್ಲ. ಮನಸ್ಸು ಮಾತ್ರ ಬಳಲುತ್ತದೆ. ಹೀಗಿರುವಲ್ಲಿ ಒಂದು ಪ್ರಶ್ನೆಯನ್ನು ಕೇಳಿಕೊಳ್ಳಬೇಕಾಗಿದೆ. ಮುಗಿಯದ ಕೆಲಸವು ಕಣ್ಣೆದುರಿಗೆ ರಾಶಿಬಿದ್ದಿರುವಾಗ ಮನುಷ್ಯನು ಸಮಾಧಾನಚಿತ್ತನಾಗಿರುವುದು ಧರ್ಮವೋ, ಅಥವಾ ಅದು ಆಲಸ್ಯಕ್ಕೆ ಕೊಟ್ಟ ಇನ್ನೊಂದು ಹೆಸರೋ? ಕರ್ತವ್ಯನಿಷ್ಠನಾದವನು ಚಡಪಡಿಸಲೇಬೇಕೆ? ಈ ವಿಷಯದಲ್ಲಿ ಶರಣರ ಮಾರ್ಗವು ನಮಗೆ ಏನನ್ನು ಬೋಧಿಸುತ್ತದೆಂಬುದನ್ನು ಯಥಾಮತಿ ವಿಚಾರಿಸುವುದು ಈ ಲೇಖನದ ಉದ್ದೇಶ.

ಮೊದಲು ಶಬ್ದಗಳನ್ನೇ ನೋಡೋಣ. ಸಂಸ್ಕೃತದಲ್ಲಿ 'ಅಗ್ರ'ವೆಂದರೆ ತುದಿ, ಮೊನೆ. ಯಾವುದು ಒಂದೇ ಮೊನೆಯುಳ್ಳದ್ದೋ ಅದು 'ಏಕಾಗ್ರ'. ಅದೇ ಶಬ್ದಕ್ಕೆ 'ವಿ' ಎಂಬ ಉಪಸರ್ಗವು ಸೇರಿ, ಮೊನೆಯು ಒಂದೆಡೆ ನಿಲ್ಲದೆ ನಾನಾ ಕಡೆಗೆ ಚೆದುರಿದಾಗ ಅದು 'ವ್ಯಗ್ರ'. ಈ ಎರಡು ಪದಗಳೂ ಒಂದೇ ಮೂಲದಿಂದ ಹುಟ್ಟಿದವು ಎಂಬುದನ್ನು ಓದುಗರು ಗಮನಿಸಬೇಕು. ವ್ಯಗ್ರನಾದವನಲ್ಲಿ ಶಕ್ತಿಯಿಲ್ಲವೆಂದು ಆ ಪದವು ಹೇಳುವುದಿಲ್ಲ. ಇರುವ ಶಕ್ತಿಗೆ ಒಂದು ತುದಿಯಿಲ್ಲವೆಂದು ಹೇಳುತ್ತದೆ. ನಮ್ಮ ಕನ್ನಡದ ಆಡುಮಾತೂ ಇದಕ್ಕೆ ಸಾಕ್ಷಿಯಾಗಿದೆ. ಕೆಲಸದ ಭಾರದಿಂದ ಕುಸಿದವನು 'ನನಗೆ ಬಲ ಸಾಲದು' ಎನ್ನುವುದಕ್ಕಿಂತ ಹೆಚ್ಚಾಗಿ 'ದಿಕ್ಕೇ ತೋಚದು' ಎನ್ನುತ್ತಾನೆ. ಬಲ ಸಾಲದಿದ್ದವನಿಗೆ ವಿಶ್ರಾಂತಿ ಬೇಕು; ದಿಕ್ಕು ತೋಚದವನಿಗೆ ಬೇಕಾದುದು ದಿಕ್ಕು. ಇವೆರಡರ ಭೇದವನ್ನರಿಯದೆ, ದಿಕ್ಕು ತಪ್ಪಿದವನಿಗೆ 'ಇನ್ನೂ ಹೆಚ್ಚು ದುಡಿ' ಎಂದು ಹೇಳಿದರೆ, ಕಗ್ಗತ್ತಲಲ್ಲಿ ದಾರಿ ತಪ್ಪಿದವನಿಗೆ 'ಇನ್ನೂ ಬೇಗ ನಡೆ' ಎಂದಂತಾಗುತ್ತದೆ.

ಈ ತಪ್ಪನ್ನು ನಾನೇ ಮಾಡಿದವನಾದ್ದರಿಂದ ಆ ಪ್ರಸಂಗವನ್ನು ಇಲ್ಲಿ ನಿವೇದಿಸುವುದು ಉಚಿತವೆಂದು ಭಾವಿಸುತ್ತೇನೆ. ಕೆಲವು ವರ್ಷಗಳ ಹಿಂದಿನ ಮಾತು. ಕಣಕಟ್ಟೆಯ ಕಡೆಯ ಹಳ್ಳಿಯೊಂದರ ಹುಡುಗನೊಬ್ಬನು ನನ್ನಲ್ಲಿ ಹತ್ತನೆಯ ತರಗತಿಯಲ್ಲಿ ಓದುತ್ತಿದ್ದನು. ಬುದ್ಧಿಗೆ ಕೊರತೆಯಿರಲಿಲ್ಲ, ತೋಟದ ಕೆಲಸ, ಮನೆಯ ಕೆಲಸಗಳ ನಡುವೆ ಪಾಠಗಳು ಹಿಂದೆ ಬಿದ್ದಿದ್ದವು. ಮಾಘಮಾಸದ ಒಂದು ದಿನ ಅವನನ್ನು ಕರೆದು ಕುಳ್ಳಿರಿಸಿ, ಆರು ವಿಷಯಗಳಲ್ಲಿಯೂ ಉಳಿದಿರುವ ಪಾಠಗಳೆಲ್ಲವನ್ನೂ ಒಂದೇ ಹಾಳೆಯ ಎರಡು ಮಗ್ಗುಲಿಗೂ ಬರೆದು, ಉಳಿದ ದಿನಗಳನ್ನು ಎಣಿಸಿ ತೋರಿಸಿ, ಅವನ ತಂದೆಗೂ ತಿಳಿಸಿ ಕಳುಹಿಸಿದೆನು. ಉಪಾಧ್ಯಾಯನ ಕರ್ತವ್ಯವನ್ನು ಚೆನ್ನಾಗಿ ನೆರವೇರಿಸಿದೆನೆಂದು ಆ ಸಂಜೆ ನನಗೆ ತೃಪ್ತಿಯೂ ಆಯಿತು. ಮಾರನೆಯ ದಿನ ಹುಡುಗನು ಶಾಲೆಗೆ ಬರಲಿಲ್ಲ. ಮೂರನೆಯ ದಿನವೂ ಬರಲಿಲ್ಲ. ನಾಲ್ಕನೆಯ ದಿನ ನಾನೇ ಅವನ ಮನೆಗೆ ಹೋದೆನು.

ಅದು ಉಂಡೆ ಕೊಬ್ಬರಿ ಮಾಡುವವರ ಮನೆ. ಅರಸೀಕೆರೆ, ತಿಪಟೂರು ಸೀಮೆಯ ಓದುಗರಿಗೆ ಈ ಕೆಲಸದ ಪರಿಚಯವನ್ನು ಹೇಳಬೇಕಾಗಿಲ್ಲ. ದೂರದವರಿಗಾಗಿ ಎರಡು ಮಾತು. ಬಲಿತ ತೆಂಗಿನಕಾಯಿಯನ್ನು ಸಿಪ್ಪೆಸಮೇತವಾಗಿ ಅಟ್ಟಕ್ಕೇರಿಸಿ ಹತ್ತು ಹನ್ನೊಂದು ತಿಂಗಳು ಬಿಡುತ್ತಾರೆ. ಒಳಗಿನ ನೀರು ಆರಿ, ತಿರುಳು ಚಿಪ್ಪನ್ನು ಬಿಟ್ಟು, ಅಲ್ಲಾಡಿಸಿದರೆ ಗಡಗಡನೆ ಸದ್ದು ಮಾಡುವಂತಾದ ಮೇಲೆ ಇಳಿಸಿ, ಸುಲಿದು, ಒಡೆದು, ಉಂಡೆಯನ್ನು ಹೊರತೆಗೆಯುತ್ತಾರೆ. ಆ ದಿನ ಹುಡುಗನ ತಾತನು ಅಂಗಳದಲ್ಲಿ ಕಾಯಿ ಸುಲಿಯುತ್ತಿದ್ದನು. ಹುಡುಗನು ಮಾತ್ರ ಕಾಣಲಿಲ್ಲ. ಕೇಳಿದ್ದಕ್ಕೆ ಮುದುಕನು ಕತ್ತೆತ್ತಿ ಅಟ್ಟವನ್ನು ತೋರಿಸಿದನು. ಏಣಿ ಹತ್ತಿ ನೋಡಿದರೆ, ಇಳಿಸದೆ ಉಳಿದ ಕಾಯಿಗಳ ನಡುವೆ ಹುಡುಗನು ಮೊಣಕಾಲನ್ನು ತಬ್ಬಿಕೊಂಡು ಕುಳಿತಿದ್ದನು. ನಾನು ಬರೆದುಕೊಟ್ಟ ಹಾಳೆಯು ಅವನ ಕೈಯಲ್ಲಿ ಬೆವರಿನಿಂದ ಮೆತ್ತಗಾಗಿತ್ತು. ನಾಲ್ಕು ದಿನಗಳಿಂದ ಒಂದು ಪುಸ್ತಕವನ್ನೂ ಅವನು ತೆರೆದಿರಲಿಲ್ಲ. "ಏಕಪ್ಪಾ?" ಎಂದು ಕೇಳಿದೆನು. "ಎಲ್ಲಿಂದ ಹಿಡೀಬೇಕು ಅಂತ ಗೊತ್ತಾಗ್ತಿಲ್ಲ ಮೇಷ್ಟ್ರೇ" ಎಂದನು. ಇಷ್ಟನ್ನು ಹೇಳುವುದಕ್ಕೆ ಅವನಿಗೆ ಬಹಳ ಹೊತ್ತು ಹಿಡಿಯಿತು. ನನಗೆ ಮಾತು ಹೊರಡಲಿಲ್ಲ. ಅವನನ್ನು ಅಟ್ಟ ಹತ್ತಿಸಿದವನು ನಾನೇ ಎಂಬುದು ಆಗ ನನಗೆ ಹೊಳೆಯಿತು.

ಕೆಳಗಿಳಿದು ಬಂದು ಮುದುಕನ ಬಳಿ ಸುಮ್ಮನೆ ಕುಳಿತೆನು. ನೆಲದಲ್ಲಿ ಕಬ್ಬಿಣದ ಮೊನೆಯೊಂದನ್ನು ನೆಟ್ಟು, ಕಾಯಿಯನ್ನು ಅದಕ್ಕೆ ಚುಚ್ಚಿ, ಮೂರು ನಾಲ್ಕು ತಿರುವಿನಲ್ಲಿ ಸಿಪ್ಪೆಯನ್ನು ಬೇರೆಮಾಡಿ, ಮತ್ತೊಂದಕ್ಕೆ ಕೈಹಾಕುತ್ತಿದ್ದನು. ಕಾಯಿಯ ರಾಶಿಯು ಅವನ ಬೆನ್ನ ಹಿಂದೆ ಇತ್ತು. ಮುಂದೆ ಇದ್ದುದು ಆ ಮೊನೆಯೊಂದೇ. "ಇಷ್ಟು ರಾಶಿ ಇದೆಯಲ್ಲ, ಗೌಡರೇ, ಬೇಸರವಾಗುವುದಿಲ್ಲವೇ?" ಎಂದು ಏನೋ ಮಾತಿಗೆ ಕೇಳಿದೆನು. ಅವನು ಕೈಯನ್ನು ನಿಲ್ಲಿಸದೆಯೇ, "ರಾಶಿ ಕಡೆ ನೋಡ್ತಾ ಸುಲಿದ್ರೆ ಕೈ ಮೊನೆಗೆ ಹೋಗ್ತದೆ, ಮೇಷ್ಟ್ರೇ. ಎಷ್ಟು ಇಳಿಸ್ಬೇಕು ಅನ್ನೋದು ಬೆಳಗ್ಗೆ ನೋಡ್ಕೊಂಡಾಯ್ತು. ಈಗ ಕೈಯಾಗಿರೋ ಕಾಯಿ ಒಂದೇಯ" ಎಂದನು.

'ಏಕಾಗ್ರ' ಎಂಬ ಪದವನ್ನು ಮೂವತ್ತು ವರ್ಷಗಳಿಂದ ವಿಗ್ರಹವಾಕ್ಯಸಹಿತವಾಗಿ ಬೋಧಿಸುತ್ತ ಬಂದಿದ್ದ ನನಗೆ ಅದರ ಅರ್ಥವನ್ನು ಕಣ್ಣಾರೆ ತೋರಿಸಿದವನು ಆ ಮುದುಕನು. ಅವನ ಮಾತಿನಲ್ಲಿ ಎರಡು ಅಂಶಗಳಿರುವುದನ್ನು ಮರೆಯಬಾರದು. ರಾಶಿಯನ್ನು ಅವನು ನೋಡಲೇ ಇಲ್ಲವೆಂದಲ್ಲ. ಬೆಳಗ್ಗೆ ಒಮ್ಮೆ ನೋಡಿ, ಆ ದಿನಕ್ಕೆ ತಕ್ಕಷ್ಟನ್ನು ಇಳಿಸಿಕೊಂಡನು. ಇದು ಮೊದಲನೆಯದು. ಇಳಿಸಿಕೊಂಡ ಮೇಲೆ ರಾಶಿಗೆ ಬೆನ್ನುಹಾಕಿ ಕುಳಿತನು. ಇದು ಎರಡನೆಯದು. ಮೊದಲನೆಯದಿಲ್ಲದೆ ಎರಡನೆಯದು ಮಾತ್ರವಿದ್ದರೆ ಅದು ಮೈಮರೆವು. ಎರಡನೆಯದಿಲ್ಲದೆ ಮೊದಲನೆಯದು ಮಾತ್ರವಿದ್ದರೆ ಅದೇ ವ್ಯಗ್ರತೆ. ಅಳತೆ ಮಾಡುವ ಹೊತ್ತು ಬೇರೆ, ಮಾಡುವ ಹೊತ್ತು ಬೇರೆ. ಇವೆರಡನ್ನೂ ಏಕಕಾಲದಲ್ಲಿ ನಡೆಸಹೋಗುವುದರಿಂದಲೇ ನಮ್ಮ ಸಂಕಟವೆಲ್ಲ ಹುಟ್ಟುತ್ತದೆ.

ಶರಣರ ಚರಿತ್ರೆಯಲ್ಲಿ ಈ ಎರಡು ಅಂಶಗಳಿಗೂ ಉಜ್ಜ್ವಲವಾದ ದೃಷ್ಟಾಂತಗಳು ದೊರೆಯುತ್ತವೆ. ಅಳತೆಯ ವಿಚಾರದಲ್ಲಿ ನಮಗೆ ಗುರುಸ್ಥಾನದಲ್ಲಿರುವವಳು ಆಯ್ದಕ್ಕಿ ಲಕ್ಕಮ್ಮ. ಚೆಲ್ಲಿದ ಅಕ್ಕಿಯನ್ನು ಆಯ್ದು ತಂದು ದಾಸೋಹ ನಡೆಸುವುದು ಮಾರಯ್ಯ-ಲಕ್ಕಮ್ಮ ದಂಪತಿಗಳ ಕಾಯಕವಾಗಿತ್ತೆಂಬುದು ಸರ್ವವಿದಿತ. ಒಂದು ಸಲ ಮಾರಯ್ಯನು ಅನುಭವಗೋಷ್ಠಿಯಲ್ಲಿ ಮೈಮರೆತು ಕುಳಿತಾಗ, ಕಾಯಕವು ನಿಂತಿತೆಂದು ಎಚ್ಚರಿಸಿ ಕಳುಹಿಸಿದವಳು ಲಕ್ಕಮ್ಮ. ಇನ್ನೊಂದು ಸಲ ಅವನು ನಿತ್ಯಕ್ಕಿಂತ ಹೆಚ್ಚು ಅಕ್ಕಿಯನ್ನು ಆಯ್ದು ತಂದಾಗ, ಇಷ್ಟೇಕೆಂದು ಪ್ರಶ್ನಿಸಿ, ಹೆಚ್ಚಾದುದನ್ನು ಮರಳಿ ಅಲ್ಲಿಯೇ ಸುರಿದು ಬರುವಂತೆ ಹೇಳಿದವಳೂ ಲಕ್ಕಮ್ಮನೇ. ಎರಡನೆಯ ಪ್ರಸಂಗವನ್ನು ನಾವು ಸಾಮಾನ್ಯವಾಗಿ ನಿರಾಶೆಯ, ಅಪರಿಗ್ರಹದ ಪಾಠವೆಂದು ಹೇಳುತ್ತೇವೆ, ಅದು ಸರಿಯೇ. ಆದರೆ ಎರಡು ಪ್ರಸಂಗಗಳನ್ನೂ ಒಟ್ಟಿಗೆ ಇಟ್ಟು ನೋಡಿದರೆ ಇನ್ನೊಂದು ಅರ್ಥವೂ ಗೋಚರಿಸುತ್ತದೆ. ಇಂದಿನ ಕಾಯಕವನ್ನು ಬಿಡಬಾರದು. ನಾಳೆಯ ಕಾಯಕವನ್ನು ಇಂದೇ ಹೊರಬಾರದು. ಕಡಿಮೆಯಾದರೆ ಲೋಪ, ಹೆಚ್ಚಾದರೆ ಆಶೆ. ಆಶೆಯೆಂದರೆ ಕೇವಲ ಧನದ ಆಶೆಯಲ್ಲ. ಒಂದೇ ದಿನದಲ್ಲಿ ಎಲ್ಲವನ್ನೂ ಮುಗಿಸಿಬಿಡಬೇಕೆಂಬುದೂ ಆಶೆಯೇ. ಅದು ಕರ್ತವ್ಯದ ವೇಷವನ್ನು ಧರಿಸಿ ಬರುವುದರಿಂದ ನಾವು ಅದನ್ನು ಗುರುತಿಸುವುದಿಲ್ಲ.

ಮಾಡುವ ಹೊತ್ತಿನ ವಿಚಾರದಲ್ಲಿ ನುಲಿಯ ಚಂದಯ್ಯನ ಕಥೆಯುಂಟು. ಹುಲ್ಲು ಕೊಯ್ದು ತಂದು ಹಗ್ಗ ಹೊಸೆಯುವುದು ಅವನ ಕಾಯಕ. ಹುಲ್ಲು ಕೊಯ್ಯುತ್ತಿದ್ದಾಗ ಇಷ್ಟಲಿಂಗವು ಜಾರಿ ಬೀಳಲು, ಚಂದಯ್ಯನು ಅದಕ್ಕಾಗಿ ಕಾಯಕವನ್ನು ನಿಲ್ಲಿಸಲಿಲ್ಲವೆಂದೂ, ಲಿಂಗವೇ ಅವನನ್ನು ಹಿಂಬಾಲಿಸಿತೆಂದೂ, ಕೊನೆಗೆ ಮಡಿವಾಳ ಮಾಚಯ್ಯನು ನಡುವೆ ಬಂದು ಸಮಾಧಾನಪಡಿಸಿದನೆಂದೂ ಕಥೆ ಹೇಳುತ್ತದೆ. ಇದನ್ನು ಕೇಳಿ ಲಿಂಗಪೂಜೆಯನ್ನು ಅಲಕ್ಷಿಸಬಹುದೆಂದು ಭಾವಿಸುವವನು ಕಥೆಯ ಹೊಟ್ಟನ್ನು ಹಿಡಿದು ಕಾಳನ್ನು ಬಿಟ್ಟವನು. ಕೈಯಲ್ಲಿ ಹಿಡಿದ ಕಾಯಕದೊಳಗೇ ಲಿಂಗವಿದೆಯೆಂದು ನಿಜವಾಗಿ ನಂಬಿದವನಿಗೆ, ಬೇರೆಲ್ಲಿಯೋ ಇನ್ನೊಂದು ಶ್ರೇಷ್ಠವಾದ ಕಾರ್ಯವು ತನಗಾಗಿ ಕಾದಿದೆಯೆಂಬ ತಳಮಳವಿರುವುದಿಲ್ಲ. ನಮಗಾದರೋ ಪೂಜೆಗೆ ಕುಳಿತಾಗ ಅಂಗಡಿ, ಅಂಗಡಿಯಲ್ಲಿ ಕುಳಿತಾಗ ಮಗಳ ಮದುವೆ, ಮದುವೆಯ ಚಪ್ಪರದಲ್ಲಿ ನಿಂತಾಗ ಸಾಲ. ಎಲ್ಲಿರುವೆವೋ ಅಲ್ಲಿ ನಾವಿಲ್ಲ. ಈಚೆಗೆ ಕಿಸೆಯಲ್ಲಿರುವ ಮೊಬೈಲು ಈ ರೋಗಕ್ಕೆ ಇನ್ನಷ್ಟು ಅನುಕೂಲವನ್ನು ಒದಗಿಸಿದೆ. ಆದರೆ ರೋಗವು ಅದಕ್ಕಿಂತ ಹಳೆಯದು.

ಇನ್ನು ಇಷ್ಟಲಿಂಗಧಾರಣೆಯ ತತ್ತ್ವವನ್ನೇ ವಿಚಾರಿಸೋಣ. ಪರಶಿವನು ಅಪ್ರಮಾಣನು, ಅಗೋಚರನು. ವೇದಾಗಮಗಳೂ ಅವನ ಅಳತೆಯನ್ನು ಕಾಣಲಾರವೆಂದು ಹೇಳುತ್ತೇವೆ. ಅಂಥವನನ್ನು ಉಪಾಸಿಸುವುದು ಹೇಗೆ? ಅಷ್ಟು ದೊಡ್ಡ ವಸ್ತುವನ್ನು ನೆನೆದಮಾತ್ರಕ್ಕೇ ಅಲ್ಪನಾದ ಜೀವನು ಕಂಗೆಡಬೇಕು. ಗುರುವು ಮಾಡುವ ಉಪಕಾರವು ಇಲ್ಲಿಯೇ ಇದೆ. ಆ ಅಪ್ರಮಾಣವನ್ನು ಶಿಷ್ಯನ ಅಂಗೈಗೆ ಹಿಡಿಸುವಷ್ಟಾಗಿಸಿ ಕರಸ್ಥಲದಲ್ಲಿ ಇಡುತ್ತಾನೆ. 'ಇದನ್ನು ನೋಡು, ದೃಷ್ಟಿಯನ್ನು ಇದರಿಂದ ಕೀಳಬೇಡ' ಎನ್ನುತ್ತಾನೆ. ಅಂಗೈಯಲ್ಲಿರುವುದು ಚಿಕ್ಕದೆಂದು ಶಿಷ್ಯನು ಅನಾದರಿಸುವಂತಿಲ್ಲ. ಅಪಾರವಾದುದೇ ಅಲ್ಲಿ ಅಡಗಿದೆ. ಹೀಗೆ ಅಪಾರವನ್ನು ಅಂಗೈಗೆ ತಂದುಕೊಳ್ಳುವ ವಿದ್ಯೆಯನ್ನು ನಿತ್ಯವೂ ಪೂಜಾಕಾಲದಲ್ಲಿ ಅಭ್ಯಾಸ ಮಾಡುವ ನಾವು, ಪೂಜೆಯಿಂದೆದ್ದು ಕೆಲಸಕ್ಕೆ ಹೋದೊಡನೆ ಆ ವಿದ್ಯೆಯನ್ನು ಮರೆತುಬಿಡುವುದು ವಿಷಾದಕರವಲ್ಲವೆ? ಇಂದಿನ ಒಂದು ಪಾಠ, ಈ ಹೊತ್ತಿನ ಒಂದು ಸಾಲು, ಇದೇ ಕರಸ್ಥಲದ ಅಳತೆ. ಅದರಲ್ಲಿ ಪೂರ್ಣವಾಗಿ ನೆಟ್ಟ ದೃಷ್ಟಿಯು ಇಡೀ ಗ್ರಂಥವನ್ನು ಮುಟ್ಟುತ್ತದೆ.

ಷಟ್‌ಸ್ಥಲಕ್ರಮದಲ್ಲಿಯೂ ಇದೇ ಕಾರುಣ್ಯವು ಕಾಣುತ್ತದೆ. ಭಕ್ತ, ಮಹೇಶ, ಪ್ರಸಾದಿ, ಪ್ರಾಣಲಿಂಗಿ, ಶರಣ, ಐಕ್ಯವೆಂದು ಆರು ಮೆಟ್ಟಿಲುಗಳು. ಸಿದ್ಧಾಂತಶಿಖಾಮಣಿಯಲ್ಲಿ ಇವು ಅಂಗಸ್ಥಲ, ಲಿಂಗಸ್ಥಲಗಳಾಗಿ ಒಡೆದು 101 ಸ್ಥಲಗಳಾಗುತ್ತವೆ. ಐಕ್ಯದ ಎತ್ತರವನ್ನು ನೋಡಿ ಹೆದರಿ ಭಕ್ತನು ಮೊದಲ ಮೆಟ್ಟಿಲಲ್ಲಿಯೇ ಕುಳಿತುಬಿಡಬಾರದೆಂದೇ ಹಿರಿಯರು ಹಾದಿಯನ್ನು ಹೀಗೆ ಸಣ್ಣ ಸಣ್ಣದಾಗಿ ಕಡಿದಿಟ್ಟರು. ಭಕ್ತಸ್ಥಲದವನನ್ನು ನೋಡಿ 'ನಿನಗೆ ಇನ್ನೂ ಐಕ್ಯವಾಗಲಿಲ್ಲವೆ?' ಎಂದು ಯಾವ ಗುರುವೂ ಗದರಿಸುವುದಿಲ್ಲ. ಮಕ್ಕಳ ಓದಿನಲ್ಲಿ ಮಾತ್ರ ನಾವು ಪ್ರತಿದಿನವೂ ಹಾಗೆ ಗದರಿಸುತ್ತೇವೆ.

ಆಧುನಿಕ ಮನಃಶಾಸ್ತ್ರಜ್ಞರ ಶೋಧನೆಯೂ ಇದಕ್ಕೆ ಅನುಕೂಲವಾಗಿದೆ. ಮನಸ್ಸು ಒಂದು ಕ್ಷಣದಲ್ಲಿ ಸುಮಾರು ಏಳು ಅಂಶಗಳನ್ನು ಹಿಡಿದಿಡಬಲ್ಲದೆಂದು ಅಮೆರಿಕದ ಜಾರ್ಜ್ ಮಿಲ್ಲರ್ ಎಂಬ ವಿದ್ವಾಂಸರು 1956ರಲ್ಲಿ ಬರೆದರು. ಮುಂದೆ ಬಂದವರು ಅದನ್ನೂ ತಗ್ಗಿಸಿ, ಸುಮಾರು ನಾಲ್ಕೆಂದರು. ಎರಡು ಕೆಲಸಗಳನ್ನು ಒಟ್ಟಿಗೆ ಮಾಡುತ್ತೇವೆಂದು ನಾವು ತಿಳಿದಿರುವಾಗ ಮನಸ್ಸು ವಾಸ್ತವವಾಗಿ ಒಂದರಿಂದ ಇನ್ನೊಂದಕ್ಕೆ ಹಾರುತ್ತಿರುತ್ತದೆಂದೂ, ಪ್ರತಿ ಹಾರಿಕೆಯಲ್ಲಿಯೂ ಸ್ವಲ್ಪ ಕಾಲವೂ ಗಮನವೂ ನಷ್ಟವಾಗುತ್ತವೆಂದೂ ಅವರು ತೋರಿಸಿದ್ದಾರೆ. ನಾಲ್ಕನ್ನು ಹಿಡಿಯುವ ಕೈಗೆ ನಾನು ಎರಡು ಮಗ್ಗುಲು ತುಂಬಿದ ಹಾಳೆಯನ್ನು ಕೊಟ್ಟಿದ್ದೆನು!

ಇಷ್ಟಕ್ಕೆ ಒಬ್ಬ ಓದುಗನು ಆಕ್ಷೇಪಿಸಬಹುದು: 'ಚಿಕ್ಕ ಕೆಲಸಕ್ಕೆ ಈ ಉಪದೇಶವು ಸಾಕು. ಒಂದು ಜನ್ಮಕ್ಕೂ ಮುಗಿಯದ ಕಾರ್ಯವನ್ನು ಹೊತ್ತವನ ಗತಿಯೇನು?' ಇದಕ್ಕೆ ಉತ್ತರವಾಗಿ ಡಾ. ಫ.ಗು. ಹಳಕಟ್ಟಿಯವರ ಜೀವನವನ್ನೇ ಮುಂದಿಡುತ್ತೇನೆ. 1880ನೆಯ ಜುಲೈ 2ರಂದು ಧಾರವಾಡದಲ್ಲಿ ಜನಿಸಿದ ಅವರು ವಿಜಯಪುರದಲ್ಲಿ ವಕೀಲರಾಗಿದ್ದರು. ವಚನಗಳ ತಾಳೆಗರಿಗಳನ್ನು ಕಂಡ ಮೇಲೆ ಅವರ ಜೀವನದ ದಿಕ್ಕೇ ಬೇರೆಯಾಯಿತು. ಆ ಕಾಲದಲ್ಲಿ ವಚನಗಳು ಮಠಗಳಲ್ಲಿಯೂ ಭಕ್ತರ ಮನೆಗಳ ಜಗುಲಿಗಳಲ್ಲಿಯೂ ಕಟ್ಟುಕಟ್ಟಾಗಿ ಚೆದುರಿಹೋಗಿದ್ದವು. ಬಹುಕಡೆ ಅವುಗಳಿಗೆ ಪೂಜೆಯುಂಟು, ಓದಿಲ್ಲ. ತಾಳೆಗರಿಯನ್ನು ಓದಿದವರಿಗೆ ಆ ಶ್ರಮದ ಅರಿವಿದ್ದೀತು. ಪದಪದಗಳ ನಡುವೆ ಬಿಡುವಿಲ್ಲ. ವಾಕ್ಯ ಮುಗಿದುದಕ್ಕೆ ಚಿಹ್ನೆಯಿಲ್ಲ. ಅಂಚು ಮುರಿದಿರುತ್ತದೆ, ಹುಳು ತಿಂದಿರುತ್ತದೆ. ಒಂದು ಗರಿಯ ಒಂದು ಸಾಲನ್ನು ಬಿಡಿಸಿ, ಬರೆದುಕೊಂಡು, ಇನ್ನೊಂದು ಪ್ರತಿಯೊಡನೆ ಹೋಲಿಸಿದ ಹೊರತು ಮುಂದಿನ ಸಾಲಿಲ್ಲ. ಎಷ್ಟು ಗರಿಗಳಿವೆ, ಎಲ್ಲೆಲ್ಲಿವೆ ಎಂಬುದೇ ಅಜ್ಞಾತವಾಗಿದ್ದ ಕಾಲದಲ್ಲಿ, ಇಡೀ ರಾಶಿಯನ್ನು ನೆನೆದು ಕುಳಿತಿದ್ದರೆ ಅವರು ಮೊದಲ ಕಟ್ಟಿನ ದಾರವನ್ನೂ ಬಿಚ್ಚುತ್ತಿರಲಿಲ್ಲ. ಅವರು ಒಂದೊಂದು ಕಟ್ಟನ್ನು ಬಿಚ್ಚುತ್ತ ಹೋದರು. 1923ರಲ್ಲಿ 'ವಚನಶಾಸ್ತ್ರಸಾರ'ದ ಮೊದಲ ಭಾಗವು ಹೊರಬಂದಿತು. ಪ್ರಕಟಣೆಗೆಂದು ಹಿತಚಿಂತಕ ಮುದ್ರಣಾಲಯವನ್ನು ತಾವೇ ಸ್ಥಾಪಿಸಿದರು. 1926ರಲ್ಲಿ 'ಶಿವಾನುಭವ' ಪತ್ರಿಕೆಯನ್ನು ಆರಂಭಿಸಿದರು. ಸಂಪಾದಿಸಿದುದನ್ನೆಲ್ಲ ಈ ಕಾರ್ಯಕ್ಕೇ ಸುರಿದು ಬಡತನದಲ್ಲಿಯೇ ಬಾಳಿದರು. ಅದಕ್ಕೆ ಮುಂಚೆ ಐವತ್ತರಷ್ಟು ವಚನಕಾರರ ಹೆಸರು ಮಾತ್ರ ತಿಳಿದಿದ್ದಲ್ಲಿ, ಅವರ ಪರಿಶ್ರಮದಿಂದ ಇನ್ನೂರಕ್ಕೂ ಮಿಕ್ಕ ವಚನಕಾರರು ಬೆಳಕಿಗೆ ಬಂದರು.

ಹಾಗಿದ್ದರೂ ಅವರು ಆ ಕಾರ್ಯವನ್ನು ಮುಗಿಸಿದರೆ? ಮುಗಿಸಲಿಲ್ಲ. 1964ನೆಯ ಜೂನ್ 29ರಂದು ಅವರು ಲಿಂಗೈಕ್ಯರಾದಾಗ ಇನ್ನೂ ಎಷ್ಟೋ ಗರಿಗಳು ಬಿಚ್ಚದೆ ಉಳಿದಿದ್ದವು. ಅನೇಕ ವಿದ್ವಾಂಸರು ಆ ಕಾಯಕವನ್ನು ಮುಂದುವರಿಸಿದರು. 1993ರಲ್ಲಿ ಕರ್ನಾಟಕ ಸರ್ಕಾರವು 15 ಸಂಪುಟಗಳಲ್ಲಿ ಸಮಗ್ರ ವಚನ ಸಾಹಿತ್ಯವನ್ನು ಪ್ರಕಟಿಸಿದಾಗ ವಚನಗಳ ಸಂಖ್ಯೆಯು ಇಪ್ಪತ್ತು ಸಾವಿರವನ್ನು ದಾಟಿತ್ತು. ಆ ರಾಶಿಯನ್ನು ಒಬ್ಬನೇ ಮುಗಿಸುವುದು ಅಸಾಧ್ಯವಾಗಿತ್ತು. ಆದರೆ ಒಬ್ಬನು ಆರಂಭಿಸದಿದ್ದರೆ ಅದು ಮುಗಿಯುತ್ತಲೂ ಇರಲಿಲ್ಲ. ಇಂದು ನಾವು ಈ ಪತ್ರಿಕೆಯಲ್ಲಿ ವಚನಾರ್ಥವನ್ನು ಚರ್ಚಿಸುತ್ತಿರುವುದು ಕೂಡ ಆ ವಕೀಲರು ಒಂದೊಂದು ಸಾಲಿಗೆ ಕೊಟ್ಟ ಗಮನದ ಪ್ರಸಾದವೇ ಆಗಿದೆ.

ನಮ್ಮ ಸಮೀಪದ ಹಳೇಬೀಡಿನಲ್ಲಿಯೂ ಇದೇ ತತ್ತ್ವವು ಕಲ್ಲಿನಲ್ಲಿ ಕೆತ್ತಿ ನಿಂತಿದೆ. 1121ರ ಸುಮಾರಿಗೆ ಆರಂಭವಾದ ಹೊಯ್ಸಳೇಶ್ವರ ದೇವಾಲಯದ ಬುಡದಲ್ಲಿ ಆನೆಗಳ ಸಾಲೊಂದು ಗುಡಿಯನ್ನೇ ಸುತ್ತಿದೆ. ಸಾವಿರಕ್ಕೂ ಮಿಕ್ಕ ಆನೆಗಳು. ಪ್ರತಿಯೊಂದರ ಸೊಂಡಿಲಿನ ತಿರುವಿಗೂ ಶಿಲ್ಪಿಯು ಮನಸ್ಸು ಕೊಟ್ಟಿದ್ದಾನೆ. ಆ ಗುಡಿಗೆ ಇಂದು ಶಿಖರವಿಲ್ಲ. ಆದರೆ ಆ ಆನೆಗಳ ಮುಂದೆ ನಿಂತವನು ಶಿಖರವಿಲ್ಲವೆಂದು ಕೊರಗುವುದಿಲ್ಲ. ಕಾರ್ಯವು ಪೂರ್ಣವಾಗುವುದು ಶಿವನ ಇಚ್ಛೆ ಹಾಗೂ ಕಾಲದ ಕೈಯಲ್ಲಿದೆ. ಕೈಯಲ್ಲಿರುವ ಆನೆಯೊಂದು ಪೂರ್ಣವಾಗುವುದು ನಮ್ಮ ಕೈಯಲ್ಲಿದೆ.

ಈಗ ಮೊದಲಿನ ಪ್ರಶ್ನೆಗೆ ಮರಳೋಣ. ಮುಗಿಯದ ಕೆಲಸದ ನಡುವೆ ಸಮಾಧಾನವು ಧರ್ಮವೆ? ಇದಕ್ಕೆ ಉತ್ತರವನ್ನು ದಾಸೋಹಭಾವದಲ್ಲಿ ಹುಡುಕಬೇಕು. ಕೆಲಸದ ರಾಶಿಯು ನಮ್ಮನ್ನು ಏಕೆ ಕಂಗೆಡಿಸುತ್ತದೆ? ಅಟ್ಟದ ಮೇಲೆ ಕುಳಿತಿದ್ದ ಹುಡುಗನನ್ನು ಆಮೇಲೆ ಮೆಲ್ಲಗೆ ವಿಚಾರಿಸಿದಾಗ ತಿಳಿದುದೇನೆಂದರೆ, ಅವನಿಗೆ ಪಾಠಗಳ ಭಯವಿರಲಿಲ್ಲ. ಅಪ್ಪ ಏನೆಂದಾನು, ಮೇಷ್ಟ್ರು ಏನೆಂದಾರು, ನೆಂಟರು ಏನೆಂದಾರು ಎಂಬುದೇ ಅವನ ಭಯವಾಗಿತ್ತು. ಓದಬೇಕಾದ ಪಾಠ ಒಂದು ಪಾಲು. ತಾನು ಏನಾದೇನೆಂಬ ಚಿಂತೆ ಮೂರು ಪಾಲು. ನಮ್ಮೆಲ್ಲರ ಸ್ಥಿತಿಯೂ ಬಹುತೇಕ ಇದೇ. ಕಾರ್ಯದ ಭಾರಕ್ಕಿಂತ 'ನಾನು' ಎಂಬುದರ ಭಾರವು ಹೆಚ್ಚು. ಎಲ್ಲವೂ ನನ್ನಿಂದಲೇ ಆಗಬೇಕು, ಸೋತರೆ ನಾನೇ ಸೋತೆನು, ಗೆದ್ದರೆ ನಾನೇ ಗೆದ್ದೆನು ಎಂಬ ಕರ್ತೃತ್ವವನ್ನು ತಲೆಯ ಮೇಲೆ ಹೊತ್ತವನಿಗೆ ಒಂದು ಕಾಯಿಯೂ ಬೆಟ್ಟವಾಗುತ್ತದೆ. ದಾಸೋಹಿಯ ಭಾವವು ಬೇರೆ. ತಾನು ಸೇವಕ; ಮುಂದಿಟ್ಟ ಕಾಯಕವನ್ನು ಸತ್ಯಶುದ್ಧವಾಗಿ ಮಾಡುವುದು ತನ್ನ ಧರ್ಮ; ಫಲವು ಗುರುಲಿಂಗಜಂಗಮಕ್ಕೆ ಅರ್ಪಿತ. ಅರ್ಪಿಸಿದ ಮೇಲೆ ಅದರ ಚಿಂತೆಯು ತನ್ನದಲ್ಲ. ಆದಕಾರಣ ದಾಸೋಹಿಯ ಸಮಾಧಾನವು ಆಲಸ್ಯವಲ್ಲ. ಆಲಸ್ಯದಲ್ಲಿ ಕೈಯು ನಿಂತಿರುತ್ತದೆ, ಸಮಾಧಾನದಲ್ಲಿ ಕೈಯು ನಡೆಯುತ್ತಿರುತ್ತದೆ. ಇವೆರಡನ್ನು ಬೇರೆಮಾಡಿ ತಿಳಿಯುವುದಕ್ಕೆ ಇದಕ್ಕಿಂತ ಸುಲಭವಾದ ಲಕ್ಷಣವಿಲ್ಲ. ಚಡಪಡಿಕೆಯಾದರೋ ಆಲಸ್ಯದ ಒಡಹುಟ್ಟು; ಏಕೆಂದರೆ ಅಲ್ಲಿಯೂ ಕೈಯು ನಿಂತೇ ಇರುತ್ತದೆ.

ಆದರೆ ಇಲ್ಲಿ ಒಂದು ಎಚ್ಚರಿಕೆಯನ್ನು ಹೇಳದೆ ಬಿಡಲಾಗದು. ಭಾರವೆಲ್ಲವೂ ಮನಸ್ಸಿನದೇ ಎಂದು ಹೇಳಿಬಿಟ್ಟರೆ ಅದು ಅನ್ಯಾಯವಾಗುತ್ತದೆ. ಕೆಲವರ ಮೇಲೆ ನಿಜವಾಗಿಯೂ ಹೊರಲಾರದಷ್ಟು ಹೊರೆಯನ್ನು ಹೇರಲಾಗಿರುತ್ತದೆ. ಸೂರ್ಯೋದಯಕ್ಕೆ ಮುಂಚೆ ಎದ್ದು ಕೊಟ್ಟಿಗೆ, ಅಡುಗೆ, ಹೊಲ, ಮಕ್ಕಳು, ರೋಗಿಯಾದ ಅತ್ತೆ ಎಲ್ಲವನ್ನೂ ಒಬ್ಬಳೇ ನೋಡಿಕೊಳ್ಳುವ ಸೊಸೆಗೆ 'ಏಕಾಗ್ರಚಿತ್ತಳಾಗು' ಎಂದು ಉಪದೇಶಿಸುವುದು ಶರಣಮಾರ್ಗವಲ್ಲ. ಅವಳ ಹೊರೆಯಲ್ಲಿ ಒಂದನ್ನು ಇಳಿಸಿಕೊಳ್ಳುವುದು ಶರಣಮಾರ್ಗ. ದಾಸೋಹವೆಂದರೆ ಪಂಕ್ತಿಯಲ್ಲಿ ಅನ್ನ ಬಡಿಸುವುದಷ್ಟೇ ಅಲ್ಲ, ಮನೆಯೊಳಗೆ ಶ್ರಮವನ್ನು ಹಂಚಿಕೊಳ್ಳುವುದೂ ದಾಸೋಹವೇ. ಮಗನಿಗೆ ಮೂರು ಮನೆಪಾಠಗಳನ್ನು ಇಡಿಸಿ, ನೆರೆಮನೆಯ ಹುಡುಗನ ಅಂಕಗಳನ್ನು ದಿನವೂ ಎಣಿಸಿ ಹೇಳುವ ತಂದೆತಾಯಿಗಳೂ, ನನ್ನಂಥ ಉಪಾಧ್ಯಾಯರೂ ತಮ್ಮನ್ನು ತಾವೇ ಕೇಳಿಕೊಳ್ಳಬೇಕು: ನಾವು ಮಕ್ಕಳ ಅಂಗೈಗೆ ಏನನ್ನು ಇಡುತ್ತಿದ್ದೇವೆ? ಹಿಡಿಯಬಲ್ಲಷ್ಟನ್ನೋ, ಅಥವಾ ರಾಶಿಯನ್ನೋ?

ಗೃಹಸ್ಥರಾದ ಭಕ್ತರಿಗೆ ಆಚರಣೆಯಲ್ಲಿ ಅನುಕೂಲವಾಗಲೆಂದು ಕೆಲವು ಮಾತುಗಳನ್ನು ಅರಿಕೆ ಮಾಡುತ್ತೇನೆ. ಪ್ರಾತಃಕಾಲದ ಲಿಂಗಪೂಜೆಯಾದ ಮೇಲೆ, ಎದ್ದು ಹೋಗುವ ಮೊದಲು, ಆ ದಿನದ ಕಾಯಕವಿಷ್ಟೆಂದು ಅಳತೆ ಮಾಡಿಕೊಳ್ಳತಕ್ಕದ್ದು. ಅಳತೆಯಲ್ಲಿ ಲಕ್ಕಮ್ಮನ ವಿವೇಕವಿರಲಿ; ಸ್ವಲ್ಪ ಕಡಿಮೆಯಿಟ್ಟುಕೊಂಡರೆ ದೋಷವಿಲ್ಲ, ನಾಳೆಯದನ್ನು ಸೇರಿಸಬಾರದು. ಕೆಲಸಕ್ಕೆ ಕುಳಿತ ಮೇಲೆ ರಾಶಿಯನ್ನು ಬೆನ್ನ ಹಿಂದೆ ಇಡತಕ್ಕದ್ದು. ಓದುವವನ ಮುಂದೆ ಒಂದೇ ಪುಸ್ತಕವಿರಲಿ, ಮೊಬೈಲು ಬೇರೆ ಕೋಣೆಯಲ್ಲಿರಲಿ. ನಡುವೆ ಬೇರೊಂದು ಕೆಲಸವು ನೆನಪಾದರೆ ಅದನ್ನು ಒಂದು ಚೀಟಿಯಲ್ಲಿ ಬರೆದಿಟ್ಟು ಕೈಯಲ್ಲಿರುವುದಕ್ಕೆ ಮರಳತಕ್ಕದ್ದು. ಬರೆದಿಟ್ಟದ್ದು ಎಲ್ಲಿಯೂ ಓಡಿಹೋಗುವುದಿಲ್ಲ. ಮನಸ್ಸು ನೂರು ಬಾರಿ ಹೊರಗೋಡಿದರೆ ನೂರೊಂದನೆಯ ಬಾರಿ ಕರೆದು ತರತಕ್ಕದ್ದು. ಅದಕ್ಕಾಗಿ ತನ್ನನ್ನು ತಾನು ಬೈದುಕೊಳ್ಳಬೇಕಾಗಿಲ್ಲ. ಚಂಚಲವಾದ ಮನಸ್ಸು ಅಭ್ಯಾಸದಿಂದಲೂ ವೈರಾಗ್ಯದಿಂದಲೂ ನಿಲ್ಲುತ್ತದೆಂದು ಗೀತೆಯೂ ಯೋಗಶಾಸ್ತ್ರವೂ ಏಕಕಂಠದಿಂದ ಸಾರುತ್ತವೆ. ಅಭ್ಯಾಸವೆಂದರೆ ಮರಳಿ ಮರಳಿ ತರುವುದೇ ಹೊರತು ಎಂದೂ ಓಡಗೊಡದಿರುವುದಲ್ಲ. ಸಂಜೆ ಆದಷ್ಟನ್ನು ಲಿಂಗಕ್ಕೆ ಅರ್ಪಿಸಿ, ಆಗದುದನ್ನೂ ಅರ್ಪಿಸಿ ಮಲಗತಕ್ಕದ್ದು. ಆಗದುದನ್ನು ಅರ್ಪಿಸುವುದು ಆದುದನ್ನು ಅರ್ಪಿಸುವುದಕ್ಕಿಂತ ಕಠಿನ. ಅದೇ ನಿಜವಾದ ದಾಸೋಹದ ಪರೀಕ್ಷೆ.

ಆ ದಿನ ಅಟ್ಟದಿಂದ ಹುಡುಗನನ್ನು ಇಳಿಸಿಕೊಂಡು, ನಾನು ಕೊಟ್ಟ ಹಾಳೆಯನ್ನು ನಾನೇ ಹಿಂದಕ್ಕೆ ಪಡೆದು ಕಿಸೆಯಲ್ಲಿಟ್ಟುಕೊಂಡೆನು. "ಇದು ನನ್ನ ಬಳಿ ಇರಲಪ್ಪಾ. ಇದನ್ನು ನೋಡುವ ಕೆಲಸ ನನ್ನದು. ನಾಳೆ ನೀನು ಗಣಿತದ ಒಂದು ಲೆಕ್ಕವನ್ನು ಮಾಡಿಕೊಂಡು ಬಾ, ಸಾಕು" ಎಂದೆನು. ಮಾರನೆಯ ದಿನ ಅವನು ಎರಡನ್ನು ಮಾಡಿಕೊಂಡು ಬಂದನು. ಅಲ್ಲಿಂದ ಮುಂದೆ ಪ್ರತಿ ಸಂಜೆ ಹಾಳೆಯನ್ನು ನೋಡಿ ಮರುದಿನದ ಒಂದಂಶವನ್ನು ಹೇಳುವುದು ನನ್ನ ಕಾಯಕವಾಯಿತು. ಆ ಒಂದನ್ನು ಮಾಡುವುದು ಅವನದಾಯಿತು. ಪರೀಕ್ಷೆಯಲ್ಲಿ ಅವನು ಐದು ವಿಷಯಗಳಲ್ಲಿ ಉತ್ತೀರ್ಣನಾದನು, ಒಂದರಲ್ಲಿ ಆಗಲಿಲ್ಲ. ಪೂರಕ ಪರೀಕ್ಷೆಯಲ್ಲಿ ಅದನ್ನೂ ಮುಗಿಸಿದನು. ಇದನ್ನು ವಿಜಯವೆಂದು ಡಂಗುರ ಹೊಡೆಯಬೇಕಾಗಿಲ್ಲ. ಆದರೆ ಆ ಒಂದು ವಿಷಯವು ಹೋದಾಗ ಅವನು ಮತ್ತೆ ಅಟ್ಟ ಹತ್ತಲಿಲ್ಲ, ಶಾಲೆಗೆ ಬಂದು, "ಯಾವ ಪಾಠದಿಂದ ಶುರು ಮಾಡ್ಲಿ, ಮೇಷ್ಟ್ರೇ?" ಎಂದು ಕೇಳಿದನು. ಆ ಹಾಳೆಯನ್ನು ನಾನು ಇಂದಿಗೂ ಪುಸ್ತಕವೊಂದರಲ್ಲಿ ಇಟ್ಟುಕೊಂಡಿದ್ದೇನೆ. ಹೊಸ ವರ್ಷದ ಮಕ್ಕಳು ತರಗತಿಗೆ ಬಂದಾಗ ಅದನ್ನೊಮ್ಮೆ ತೆರೆದು ನೋಡಿಕೊಳ್ಳುವುದುಂಟು.

ಅಪಾರನಾದ ಪರಶಿವನು ನಮ್ಮ ಮೇಲಿನ ಕರುಣೆಯಿಂದ ಅಂಗೈಯಷ್ಟಾಗಿ ಬಂದಿದ್ದಾನೆ. ನಮ್ಮ ನಿತ್ಯದ ಕಾಯಕವನ್ನೂ ಅಂಗೈಯಷ್ಟಾಗಿ ಸ್ವೀಕರಿಸಿ, ಅದರಲ್ಲಿ ದೃಷ್ಟಿಯನ್ನು ನೆಟ್ಟು, ಉಳಿದುದನ್ನು ಅವನಿಗೆ ಬಿಡುವ ಧೈರ್ಯವನ್ನು ಆತನು ಸಮಸ್ತ ಭಕ್ತರಿಗೂ, ವಿಶೇಷವಾಗಿ ಓದುವ ಮಕ್ಕಳಿಗೂ ಕರುಣಿಸಲಿ.